ಮಸ್ಕಿ, ಸನ್ನತಿ ಮತ್ತು ಆಜ್ಞಾವಾಕ್ಯದ ಪರೀಕ್ಷೆ

ಕೃತಕ ಬುದ್ಧಿಯ ಏಜೆಂಟು ತನಗೊದಗಿಸಿದ ಸಾಫ್ಟ್‌ವೇರ್ ಸಾಧನಗಳಲ್ಲಿ ಯಾವುದನ್ನು ಎಂತು ಬಳಸಬೇಕೆಂಬುದನ್ನು ಅವುಗಳ ಲಿಖಿತ ವಿವರಣೆಯಿಂದಲೇ ತಿಳಿಯುತ್ತದೆ; ವಿವರಣೆಯ ಗುಣವನ್ನು ಏಜೆಂಟು ಮಾಡಿದ ಕೆಲಸದಿಂದ ಅಳೆಯಬೇಕು. ದೂರದ ಕಾರ್ಯಕರ್ತನನ್ನು ಬರಹದಿಂದ ನಡೆಸುವ ಈ ತೊಡಕು ನಮ್ಮ ನಾಡಿನ ಬಂಡೆಗಳಿಗೆ ಹಳೆಯದು.

1915ರಲ್ಲಿ ಗಣಿ ಇಂಜಿನಿಯರ್ ಬೀಡನ್ನರಿಗೆ ಮಸ್ಕಿಯಲ್ಲಿ ದೊರೆತ ಶಾಸನವು ‘ದೇವಾನಾಂಪ್ರಿಯ’ನೊಡನೆ ಅಶೋಕನ ಹೆಸರನ್ನೂ ಹೇಳಿ, ಆಜ್ಞೆಯಿತ್ತವನಾರೆಂಬುದನ್ನು ನಿಸ್ಸಂದೇಹಗೊಳಿಸಿತು. ಆ ಆಜ್ಞೆಗಳು ಅಧಿಕಾರಿಗಳನ್ನು ಎಷ್ಟರಮಟ್ಟಿಗೆ ನಡೆಸಿದವೆಂಬುದಕ್ಕೆ ನಾವು ಸನ್ನತಿಯ ಕಲ್ಲನ್ನು ನೋಡಬೇಕು. (ಅದು ಬಹುಕಾಲ ಕಾಳಿಯ ವಿಗ್ರಹಕ್ಕೆ ಪೀಠವಾಗಿತ್ತು, ಓದುವವರಿಲ್ಲದ ಆಜ್ಞೆಗೆ ಇದಕ್ಕಿಂತ ಗೌರವದ ಗತಿ ದೊರೆಯದು.)

ಆ ಕಲ್ಲಿನ ಮೇಲಿರುವ ಮೊದಲ ಪ್ರತ್ಯೇಕ ಶಾಸನದ ಪಾಠ ಒಡಿಶಾದ ಧೌಲಿಯಲ್ಲಿ ಹೆಚ್ಚು ಪೂರ್ಣವಾಗಿ ಉಳಿದಿದೆ. ಅಲ್ಲಿ ಅರಸನು, ತನ್ನ ಆಶಯವನ್ನು ಕೆಲವರು ಅಂಶತಃ ಮಾತ್ರ ಗ್ರಹಿಸಿದ್ದಾರೆಂದು ಮಹಾಮಾತ್ರರಿಗೆ ನೇರವಾಗಿ ಹೇಳುತ್ತಾನೆ. ದೋಷವನ್ನು ಆತುರ, ಆಲಸ್ಯ, ಅಭ್ಯಾಸಹೀನತೆಗಳ ಮೇಲೆ ಹೊರಿಸುತ್ತಾನೆ. ಹದಿನಾಲ್ಕನೆಯ ಶಾಸನದಲ್ಲಿ ಲಿಪಿಕಾರನ ತಪ್ಪನ್ನೂ ನೆನೆಯುತ್ತಾನೆ. ಸ್ವಂತ ವಾಕ್ಯವೇ ಅಸ್ಪಷ್ಟವಾಗಿರಬಹುದೆಂಬ ಶಂಕೆ ಅವನಿಗೆ ಬಂದಂತೆ ತೋರದು. ಇದು ನಮಗೆ ಕೊರತೆಯೆನಿಸುತ್ತದೆ. ಆದರೂ ಬರಹವೊಂದನ್ನೇ ಅವನು ನಂಬಲಿಲ್ಲ. ತಿಷ್ಯ ನಕ್ಷತ್ರದ ದಿನಗಳಲ್ಲಿ ಶಾಸನವನ್ನು ಓದಿಸಿ ಕೇಳಬೇಕು, ನಡುವೆ ಒಬ್ಬನೇ ಆದರೂ ಕೇಳಬೇಕೆಂದು ವಿಧಿಸಿದನು. ಐದು ವರ್ಷಕ್ಕೊಮ್ಮೆ ಕಠೋರನಲ್ಲದ ಅಧಿಕಾರಿಯನ್ನು ಸಂಚಾರಕ್ಕೆ ಕಳುಹುವುದಾಗಿಯೂ, ಉಜ್ಜಯಿನಿಯ ಕುಮಾರನು ಮೂರು ವರ್ಷ ಮೀರದಂತೆ ಹಾಗೆಯೇ ಮಾಡುವನೆಂದೂ ಬರೆಸಿದನು.