ಛೇದವಿಲ್ಲದ ಅಂಕಿ: ಹಾಸನದ ಹೃದಯಾಘಾತ ವರದಿಗಳ ಕೋಷ್ಟಕ ಮತ್ತು ಗ್ರಾಫ್

2025ರ ಮೇ ಕೊನೆಯಿಂದ ಜುಲೈ ಮೊದಲ ವಾರದವರೆಗೆ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ನಾಡಿಗೆಲ್ಲ ಸುದ್ದಿಯಾದವು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಂದು ದಿನಕ್ಕೊಂದು ಊರಿನ ಹೆಸರು ಬರುತ್ತಿತ್ತು, ಪಕ್ಕದ ಅಂಕಿ ಏರುತ್ತಿತ್ತು. 40 ದಿನಗಳಲ್ಲಿ 20ಕ್ಕೂ ಹೆಚ್ಚು ಎಂಬ ಮಾತು ಹರಡುತ್ತಲೇ ಜನ ಮೈಸೂರು, ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗಳಿಗೆ ತಪಾಸಣೆಗಾಗಿ ಮುಗಿಬಿದ್ದರು. ಈ ದಿಗಿಲಿಗೆ ಸಾವುಗಳು ಎಷ್ಟು ಕಾರಣವೋ ಅವನ್ನು ಎಣಿಸಿ ತೋರಿಸಿದ ರೀತಿಯೂ ಅಷ್ಟೇ ಕಾರಣ ಎಂಬುದು ಇಲ್ಲಿನ ವಾದ.

ನಿನ್ನೆಯದಕ್ಕೆ ಇಂದಿನದನ್ನು ಕೂಡಿಸುತ್ತ ಹೋಗುವ ಎಣಿಕೆಗೆ ಇಳಿಯುವ ದಾರಿಯೇ ಇಲ್ಲ. ವಾರಕ್ಕೆ ಐದು ಸಾವು ಎರಡಕ್ಕೆ ಇಳಿದರೂ ಗ್ರಾಫಿನ ಗೆರೆ ಮೇಲಕ್ಕೇ ಹೋಗುತ್ತದೆ. ರೋಗ ಹೆಚ್ಚಿತೇ, ಕಡಿಮೆಯಾಯಿತೇ ಎಂಬ ಪ್ರಶ್ನೆಗೆ ವಾರವಾರದ ಸಂಖ್ಯೆಯನ್ನು ಬೇರೆಬೇರೆ ಕಂಬಗಳಾಗಿ ನಿಲ್ಲಿಸಿ, ಪಕ್ಕದಲ್ಲಿ ಹಿಂದಿನ ವರ್ಷಗಳ ಅದೇ ವಾರಗಳನ್ನು ಇಟ್ಟಾಗ ಮಾತ್ರ ಉತ್ತರ ಸಿಗುತ್ತದೆ. ಸುದ್ದಿಯಲ್ಲಿ ಆ ಎರಡನೆಯ ಸಾಲು ಇರಲಿಲ್ಲ.

ಈ ಸಾವುಗಳ ಪರಿಶೀಲನೆಗೆ ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅಧ್ಯಕ್ಷತೆಯಲ್ಲಿ ರಚನೆಯಾದ ಸಮಿತಿ ಜುಲೈನಲ್ಲಿ ವರದಿ ಕೊಟ್ಟಿತು. ಹಿಂದಿನ ಅವಧಿಗೆ ಹೋಲಿಸಿದರೆ ಅಸಹಜ ಏರಿಕೆ ಕಾಣುವುದಿಲ್ಲ ಎಂದಿತು. ಅದರ ಅಂಕಿಗಳ ಜೊತೆಗೆ ನನ್ನ ಅಂದಾಜಿನ ಒಂದು ಸಾಲನ್ನು ಸೇರಿಸಿದರೆ ಕೋಷ್ಟಕ ಹೀಗಾಗುತ್ತದೆ:

ಸಮಿತಿ ಪರಿಶೀಲಿಸಿದ ಸಾವುಗಳು | 24
ಹೃದಯ ಸಂಬಂಧಿ ಎಂದು ಗುರುತಿಸಿದವು | 20
ಬೇರೆ ಕಾರಣದವು | 4
ಜಿಲ್ಲೆಯಲ್ಲಿ 40 ದಿನಗಳಿಗೆ ನಿರೀಕ್ಷಿತ ಒಟ್ಟು ಸಾವು, ಎಲ್ಲ ಕಾರಣಗಳಿಂದ (ಅಂದಾಜು) | 1,170

ಕೊನೆಯ ಸಾಲಿನ ಲೆಕ್ಕ ಸರಳ. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 17,76,421. ಸಾವಿರಕ್ಕೆ ವರ್ಷಕ್ಕೆ 6 ಸಾವು ಎಂದು ಹಿಡಿದರೆ ದಿನಕ್ಕೆ ಸುಮಾರು 29. ಭಾರತದಲ್ಲಿ ಸಾವುಗಳ ಕಾಲು ಭಾಗಕ್ಕೂ ಹೆಚ್ಚು ಹೃದಯ ಮತ್ತು ರಕ್ತನಾಳದ ಕಾಯಿಲೆಗಳಿಂದ ಆಗುತ್ತವೆ. ಅಂದರೆ ಆ 40 ದಿನಗಳಲ್ಲಿ ಜಿಲ್ಲೆಯಲ್ಲಿ ಇಂಥವು ಮುನ್ನೂರರ ಆಸುಪಾಸು ಆಗಿರಬೇಕು. ಸುದ್ದಿಯಾದದ್ದು ಅದರಲ್ಲೊಂದು ಚೂರು. ಹಾಗೆಂದು ಭಯಕ್ಕೆ ಬುಡವೇ ಇರಲಿಲ್ಲ ಎನ್ನಲಾಗದು. ಜನ ಬೆಚ್ಚಿದ್ದು ಹರೆಯದವರು ಸತ್ತದ್ದಕ್ಕೆ. ಆ ಆತಂಕಕ್ಕೆ ನ್ಯಾಯ ಸಲ್ಲಬೇಕಾದರೆ 45ರೊಳಗಿನವರ ಸಾವನ್ನು 45ರೊಳಗಿನವರ ಜನಸಂಖ್ಯೆಯಿಂದಲೇ ಭಾಗಿಸಿ ನೋಡಬೇಕು. ನನ್ನ ಒಟ್ಟು ಅಂದಾಜು ಆ ಕೆಲಸ ಮಾಡುವುದಿಲ್ಲ.

ಶೇಕಡಾವಾರಿನ ಮೋಹವೂ ಇಲ್ಲಿ ಕೆಲಸ ಮಾಡಿತು. ಮೃತರಲ್ಲಿ ಆಟೊ, ಕ್ಯಾಬ್ ಚಾಲಕರು ಸುಮಾರು ಶೇ 30 ಎಂಬುದು ದೊಡ್ಡದಾಗಿ ಕೇಳಿಸುತ್ತದೆ. ಇಪ್ಪತ್ತರಲ್ಲಿ ಅದು ಆರು ಮಂದಿ. ಇನ್ನಿಬ್ಬರು ಸೇರಿದ್ದರೆ ಶೇ 40, ಇಬ್ಬರು ಕಡಿಮೆಯಾಗಿದ್ದರೆ ಶೇ 20. ನೂರಕ್ಕಿಂತ ಕಡಿಮೆ ಸಂಖ್ಯೆಗೆ ಶೇಕಡಾ ಕೊಡುವವರು ಮೂಲ ಅಂಕಿಯನ್ನೂ ಅದೇ ಮನೆಯಲ್ಲಿ ಬರೆಯಲೇಬೇಕು.

ತಾಲ್ಲೂಕುವಾರು ಕೋಷ್ಟಕಕ್ಕೆ ಇನ್ನೊಂದು ತೊಡಕಿದೆ. ಅರಕಲಗೂಡಿನ ಹಳ್ಳಿಯೊಂದರಲ್ಲಿ ಎದೆನೋವು ಬಂದವರನ್ನು ಹಾಸನದ ಹಿಮ್ಸ್ ಆಸ್ಪತ್ರೆಗೆ ಕರೆತಂದು, ಅವರು ಅಲ್ಲಿಯೇ ತೀರಿಕೊಂಡರೆ ಸಾವು ನೋಂದಣಿಯಾಗುವುದು ಹಾಸನದಲ್ಲಿ. 1969ರ ಜನನ ಮರಣ ನೋಂದಣಿ ಕಾಯ್ದೆಯ ಕ್ರಮವೇ ಅದು: ಸತ್ತ ಸ್ಥಳ ಮುಖ್ಯ, ವಾಸದ ಸ್ಥಳವಲ್ಲ. ಆದ್ದರಿಂದ ತಲೆಬರಹದಲ್ಲಿ ‘ತಾಲ್ಲೂಕು’ ಎಂದಷ್ಟೇ ಬರೆದರೆ ಸಾಲದು, ಯಾವುದರ ತಾಲ್ಲೂಕು ಎಂದೂ ಹೇಳಬೇಕು. ಕಾರಣ ಗೊತ್ತಾದದ್ದು ಮರಣೋತ್ತರ ಪರೀಕ್ಷೆಯಿಂದಲೋ, ಇಸಿಜಿಯಿಂದಲೋ, ಮನೆಯವರ ಹೇಳಿಕೆಯಿಂದಲೋ ಎಂಬುದಕ್ಕೂ ಒಂದು ಕಾಲಂ ಬೇಕು.

ಹುಡುಕಿದಷ್ಟೂ ಎಣಿಕೆ ಬೆಳೆಯುತ್ತದೆ ಎಂಬುದಕ್ಕೆ ಚನ್ನರಾಯಪಟ್ಟಣ ತಾಲ್ಲೂಕಿನಲ್ಲೇ ಹಳೆಯ ಸಾಕ್ಷಿಯಿದೆ. ಶ್ರವಣಬೆಳಗೊಳದ ಶಾಸನಗಳು ಬಿ.ಎಲ್. ರೈಸ್ ಅವರ 1889ರ ಸಂಪುಟದಲ್ಲಿ 144, ಆರ್. ನರಸಿಂಹಾಚಾರ್ ಅವರ 1923ರ ಪರಿಷ್ಕರಣೆಯಲ್ಲಿ 500. 1973ರ ಆವೃತ್ತಿಯಲ್ಲಿ 573. ಇದಕ್ಕೊಂದು ಗೆರೆ ಎಳೆದು, ಶಾಸನ ಬರೆಸುವವರು ಇಪ್ಪತ್ತನೆಯ ಶತಮಾನದಲ್ಲಿ ಹೆಚ್ಚಿದರು ಎಂದು ಯಾರೂ ಹೇಳುವುದಿಲ್ಲ. ಹೃದಯಾಘಾತದ ಗೆರೆಯನ್ನು ಮಾತ್ರ ಹಾಗೆಯೇ ಓದಿದೆವು.

ಸಮಿತಿಯ ವರದಿಯ ಹೊತ್ತಿನಲ್ಲಿಯೇ ಸರ್ಕಾರ ಆಸ್ಪತ್ರೆಯ ಹೊರಗಿನ ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕು, ಮರಣೋತ್ತರ ಪರೀಕ್ಷೆ ನಡೆಸಬೇಕು ಎಂದು ಪ್ರಕಟಿಸಿತು. ಒಳ್ಳೆಯ ಕ್ರಮ. ಅದು ಜಾರಿಯಾದಷ್ಟೂ ದಾಖಲಾಗುವ ಹೃದಯಾಘಾತಗಳು ಮುಂದಿನ ವರ್ಷಗಳಲ್ಲಿ ಹೆಚ್ಚುತ್ತವೆ, ರೋಗ ಇದ್ದಷ್ಟೇ ಇದ್ದರೂ. ಹಾಗಾಗಿ ಇನ್ನು ಮುಂದೆ ಹಾಸನದ ಗ್ರಾಫ್ ಬರೆಯುವವರು 2025ರ ಜುಲೈ ಮೇಲೆ ಒಂದು ಚುಕ್ಕಿಗೆರೆಯನ್ನು ನೆಟ್ಟಗೆ ಎಳೆದು, ಎಣಿಸುವ ಕ್ರಮ ಬದಲಾದದ್ದು ಇಲ್ಲಿ ಎಂದು ಪಕ್ಕದಲ್ಲೇ ಬರೆಯಬೇಕು.