ಇಸಿಲಕ್ಕೆ ಬಂದ ರಾಜವಾರ್ತೆ

ಬಿ.ಜಿ. ಕೆರೆಯನ್ನು ಹಿಂದಿಕ್ಕಿ ಮೊಳಕಾಲ್ಮೂರು ಸೀಮೆಯ ಕಲ್ಲುಗುಡ್ಡಗಳ ನಡುವೆ ಸಾಗಿದರೆ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳು ಒಂದರ ಸಮೀಪ ಒಂದು ಎದುರಾಗುತ್ತವೆ. ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ಇಲ್ಲಿ ಇಸಿಲವೆಂಬ ಪಟ್ಟಣವಿತ್ತು. ಅದು ಮೌರ್ಯ ಸಾಮ್ರಾಜ್ಯದ ತೆಂಕಣ ಅಂಚು. ಪಾಟಲಿಪುತ್ರದ ಅರಸನ ಮುಖವನ್ನು ಈ ಸೀಮೆಯ ಒಕ್ಕಲು ಕಾಣುವ ಸಂಭವವೇ ಇರಲಿಲ್ಲ. ಅಂಥವರಿಗೆ ಅಶೋಕನು ತನ್ನ ಮಾತನ್ನು ಮುಟ್ಟಿಸಿದ ಬಗೆಯೇ, ಈ ನಾಡಿನಲ್ಲಿ ಪ್ರಭುತ್ವವು ಪ್ರಜೆಗಳೊಡನೆ ನಡೆಸಿದ ಸಂಪರ್ಕಕ್ಕೆ ಉಳಿದಿರುವ ಅತಿ ಹಳೆಯ ಲಿಖಿತ ಸಾಕ್ಷಿ.

ಮಾತು ಅಧಿಕಾರದ ಮೆಟ್ಟಿಲುಗಳನ್ನು ಇಳಿದು ಬಂದಿತು. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೆಂಬ ರಾಜಕುಮಾರನೂ ಅವನ ಮಹಾಮಾತ್ರರೆಂಬ ಹಿರಿಯ ಅಧಿಕಾರಿಗಳೂ ಅದನ್ನು ಇಸಿಲದ ಮಹಾಮಾತ್ರರಿಗೆ ಕಳುಹಿಸಿದರು. ಅಪ್ಪಣೆಯನ್ನು ಒಪ್ಪಿಸುವ ಮೊದಲು ಅವರ ಆರೋಗ್ಯವನ್ನು ಹಾರೈಸಿದರು. ಮುಂದೆ ಅರಸನೇ ತನ್ನ ಕುಂದನ್ನು ನುಡಿಯುತ್ತಾನೆ: ಬೌದ್ಧ ಉಪಾಸಕನಾಗಿ ಎರಡೂವರೆ ವರ್ಷ ಮೀರಿದರೂ ಮೊದಲ ಒಂದು ವರ್ಷ ತಾನು ಸಾಕಷ್ಟು ಶ್ರಮಿಸಲಿಲ್ಲ; ಸಂಘದ ಬಳಿಸಾರಿದ ಮೇಲೆ, ವರ್ಷಕ್ಕೂ ಮಿಕ್ಕ ಕಾಲದಿಂದ, ಶ್ರಮಿಸುತ್ತಿದ್ದೇನೆ. ಈ ಶ್ರಮದ ಫಲ ದೊಡ್ಡವರಿಗಷ್ಟೇ ಮೀಸಲಲ್ಲ, ಸಣ್ಣವರಿಗೂ ದಕ್ಕುತ್ತದೆ. ಗಡಿಯಾಚೆಯವರಿಗೂ ಇದು ತಿಳಿಯಲಿ ಎಂದು ಮುಂದುವರಿಯುತ್ತಾನೆ. ದಿಗ್ವಿಜಯದ ಹೊಗಳಿಕೆ ಇಲ್ಲಿ ಒಂದು ಸಾಲೂ ಇಲ್ಲ. ಚಕ್ರವರ್ತಿಯೊಬ್ಬನು ದೂರದ ಜನರ ವಿಶ್ವಾಸವನ್ನು ಕೇಳಿದ ಈ ರೀತಿ ನನಗೆ ಅಪೂರ್ವವೆಂದೇ ತೋರುತ್ತದೆ.

ಈ ಮಾತನ್ನು ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲೆ ಕೆತ್ತಿಸಲಾಯಿತು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಕಲ್ಲಿನ ಮುಂದೆ ನಿಂತು ಓದಬಲ್ಲವರು ಎಷ್ಟು ಮಂದಿ ಇದ್ದಾರು? ಆದ್ದರಿಂದ ಬರೆಹದ ಜೊತೆಗೆ ದನಿಯೂ ಬೇಕಾಯಿತು. ನೆರೆಯ ಆಂಧ್ರದ ಕರ್ನೂಲು ಜಿಲ್ಲೆಯ ಎರ್ರಗುಡಿಯ ಶಾಸನದಲ್ಲಿ ಆ ಏರ್ಪಾಟು ವಿವರವಾಗಿಯೇ ಇದೆ. ಮಹಾಮಾತ್ರರು ರಾಜೂಕರೆಂಬ ಜನಪದದ ಅಧಿಕಾರಿಗಳಿಗೆ ಹೇಳಬೇಕು. ರಾಜೂಕರು ಭೇರಿ ಹೊಡೆಸಿ ಜನಪದಕ್ಕೆ ಸಾರಬೇಕು. ಮಾವುತರು, ಕರಣಿಕರು, ವಾಹನದ ಪ್ರಾಣಿಗಳನ್ನು ಪಳಗಿಸುವವರು, ಬ್ರಾಹ್ಮಣ ಗುರುಗಳು ತಂತಮ್ಮ ಶಿಷ್ಯರಿಗೆ ಇದನ್ನೇ ಬೋಧಿಸಬೇಕು. ಹೀಗೆ ಸಾರುವ ಕೆಲಸವೂ ಕಲಿಸುವ ಕೆಲಸವೂ ಒಂದೇ ಆಜ್ಞೆಯೊಳಗೆ ಸೇರಿದವು. ಬ್ರಹ್ಮಗಿರಿಯ ಬಂಡೆಯೂ ತಂದೆತಾಯಿಯ ಸೇವೆ, ಪ್ರಾಣಿದಯೆ, ಸತ್ಯವಚನಗಳನ್ನು ವಿಧಿಸಿ, ಶಿಷ್ಯನು ಆಚಾರ್ಯನನ್ನು ಗೌರವಿಸಬೇಕೆನ್ನುತ್ತದೆ. ಕಳಿಂಗದ ಧೌಲಿ, ಜೌಗಡಗಳಲ್ಲಂತೂ ತಿಷ್ಯ ನಕ್ಷತ್ರದ ದಿನಗಳಂದು ಶಾಸನವನ್ನು ಓದಿಸಬೇಕು, ಕೇಳುವವನು ಒಬ್ಬನೇ ಇದ್ದರೂ ಓದಿಸಬೇಕು ಎಂಬ ಕಟ್ಟಪ್ಪಣೆಯಿತ್ತು.

ಕೆಳಗಿನ ದನಿ ಮೇಲಕ್ಕೆ ಹೋಗುವ ದಾರಿಯನ್ನೂ ಅಶೋಕ ತೆರೆದಿಟ್ಟಿದ್ದನು. ಊಟದಲ್ಲಿರಲಿ, ಅಂತಃಪುರದಲ್ಲಿರಲಿ, ಉದ್ಯಾನದಲ್ಲಿರಲಿ, ಪ್ರಜೆಗಳ ಸುದ್ದಿ ತರುವ ಪ್ರತಿವೇದಕರು ಯಾವ ಹೊತ್ತಿಗೂ ತನ್ನ ಬಳಿ ಬರಬಹುದೆಂದು 6ನೆಯ ಬೃಹತ್ ಶಿಲಾಶಾಸನದಲ್ಲಿ ಸಾರಿದನು. ಈ ಎರಡೂ ದಾರಿಗಳು ಇಂದಿನ ಸಾರ್ವಜನಿಕ ಸಂಪರ್ಕದಲ್ಲೂ ಇವೆ. ಅದನ್ನು ಓದುವ ವಿದ್ಯಾರ್ಥಿ ಪ್ರಕಟಣೆ ಬರೆಯುವುದರ ಜೊತೆಗೆ ಫೇಸ್‌ಬುಕ್, ವಾಟ್ಸಾಪ್‌ಗಳನ್ನು ನಡೆಸುವುದನ್ನೂ ಕಲಿಯುತ್ತಾನೆ. ಜನರ ಮರುನುಡಿ ಗಳಿಗೆಯೊಳಗೆ ಅವನ ಕೈಗೆ ಬರುತ್ತದೆ. ಆ ಮರುನುಡಿಯನ್ನು ಯಾವ ಹೊತ್ತಿನಲ್ಲಾದರೂ ಕೇಳುವ ಹೊಣೆ ಮೊದಲ ಪಾಠವಾಗಬೇಕು, ಆ ಪಾಠ ಈ ಸೀಮೆಯ ಬಂಡೆಗಳಿಂದಲೇ ಆರಂಭವಾಗಬೇಕು ಎಂಬುದು ನನ್ನ ದೃಢ ನಂಬಿಕೆ.

ಬ್ರಹ್ಮಗಿರಿಯ ಶಾಸನವನ್ನು ಬರೆದವನ ಹೆಸರು ಚಪಡ. ಹೆಸರನ್ನು ಬ್ರಾಹ್ಮಿಯಲ್ಲಿ ಬರೆದು, ಲಿಪಿಕಾರನೆಂಬ ತನ್ನ ವೃತ್ತಿಯನ್ನು ಮಾತ್ರ ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಕೆತ್ತಿದನು. ಅದು ವಾಯವ್ಯದ ಗಡಿನಾಡಿನ ಲಿಪಿ. ಸಾಮ್ರಾಜ್ಯದ ಆ ತುದಿಯ ವಿದ್ಯೆ ಈ ತುದಿಯ ಕಲ್ಲಿಗೆ ಬಂದಿತ್ತು.

ಬಳಿಕ ಲಿಪಿಯೇ ಮರೆತುಹೋಯಿತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯನ್ನು ಓದಿದ ಮೇಲೆ, 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಈ ಸೀಮೆಯ ಮೂರು ಶಾಸನಗಳನ್ನು ಬೆಳಕಿಗೆ ತಂದರು. 1915ರಲ್ಲಿ ಮಸ್ಕಿ, ಅನಂತರ ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು, ಇನ್ನೂ ತಡವಾಗಿ ಬಳ್ಳಾರಿ ಸೀಮೆಯ ನಿಟ್ಟೂರು, ಉದೆಗೋಳಗಳ ಬಂಡೆಗಳು ದೊರೆತವು. ಅರಸನ ಒಂದೇ ವಾರ್ತೆ ಕನ್ನಡ ನಾಡಿನ ಎಷ್ಟು ಊರುಗಳಿಗೆ ಹೊರಟಿತ್ತೆಂಬುದು ಆಗ ತಿಳಿಯಿತು.