ಪ್ರಿಂಟರ್ ಕೊಳ್ಳುವ ಮುನ್ನ: ಲಿನಕ್ಸ್ ಬಳಸುವವರು ಅಂಗಡಿಯಲ್ಲಿ ಕೇಳಬೇಕಾದ್ದು

ಟಿ. ನರಸೀಪುರ ತಾಲ್ಲೂಕಿನ ಸೋಸಲೆ ಹೊರಗಿನವರಿಗೆ ಗೊತ್ತಿರೋದು ವ್ಯಾಸರಾಜ ಮಠದ ಹೆಸರಿನಿಂದ. ಸುತ್ತಲಿನ ಹಳ್ಳಿಯವರಿಗೆ ಅದು ಹೋಬಳಿ ಕೇಂದ್ರ. ಹೋಬಳಿ ಅಂದಮೇಲೆ ಜಾತಿ, ಆದಾಯ ಪ್ರಮಾಣಪತ್ರ, ಪಹಣಿ, ಅರ್ಜಿ, ಅರ್ಜಿಗೆ ಲಗತ್ತಿಸೋ ಹತ್ತು ಜೆರಾಕ್ಸ್. ಎಲ್ಲ ಆನ್‌ಲೈನ್ ಆಯ್ತು ಅಂತ ಸರ್ಕಾರ ಹೇಳುತ್ತೆ. ಆನ್‌ಲೈನ್ ಆದಷ್ಟೂ ಪ್ರಿಂಟ್ ಜಾಸ್ತಿಯಾಗಿದೆ ಅನ್ನೋದು ಯಾವ ಜೆರಾಕ್ಸ್ ಅಂಗಡಿಯವರನ್ನು ಕೇಳಿದ್ರೂ ಗೊತ್ತಾಗುತ್ತೆ.

ಅಲ್ಲಿ ಅಂಗಡಿ ಇಡಬೇಕು ಅಂತಿರುವ ಓದುಗರೊಬ್ಬರ ಪ್ರಶ್ನೆ ಇದು: "ಅಣ್ಣಾ, ಹಳೇ ಲ್ಯಾಪ್‌ಟಾಪ್ ಇದೆ. ವಿಂಡೋಸ್ 10 ಮುಗೀತಂತೆ, 11 ಹಾಕೋಕೆ ಆಗಲ್ಲ ಅಂತಾರೆ. ಲಿನಕ್ಸ್ ಹಾಕಿದ್ರೆ ಪ್ರಿಂಟರ್ ಓಡುತ್ತಾ? ಕನ್ನಡ ಬರುತ್ತಾ?"

ಪ್ರಶ್ನೆ ಸರಿಯಾಗಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಚಿಪ್ ಬೇಕು, ಇಂಟೆಲ್ ಆದ್ರೆ ಸುಮಾರಾಗಿ 8ನೇ ತಲೆಮಾರು ಅಥವಾ ಅದರಾಚೆಯ ಪ್ರೊಸೆಸರ್ ಬೇಕು. ಅಂದ್ರೆ ಚೆನ್ನಾಗೇ ನಡೆಯುತ್ತಿರುವ ಯಂತ್ರವನ್ನು ಒಂದು ತಾರೀಖು ಹಳತು ಮಾಡಿತು. ಆ ಲ್ಯಾಪ್‌ಟಾಪಿಗೆ ಉಬುಂಟು ಅಥವಾ ಲಿನಕ್ಸ್ ಮಿಂಟ್ ಹಾಕಿದರೆ ಇನ್ನೂ ಹಲವು ವರ್ಷ ದುಡಿಯುತ್ತೆ. ಆದ್ರೆ ಜೆರಾಕ್ಸ್ ಅಂಗಡಿಯಲ್ಲಿ ದುಡಿಯೋದು ಲ್ಯಾಪ್‌ಟಾಪಲ್ಲ, ಪ್ರಿಂಟರ್. ಹಾಗಾಗಿ ಲೆಕ್ಕ ಅಲ್ಲಿಂದಲೇ ಶುರುವಾಗಬೇಕು.

ಜಗಳ ಹುಟ್ಟಿದ್ದೇ ಪ್ರಿಂಟರಿನಿಂದ

ಸ್ವತಂತ್ರ ತಂತ್ರಾಂಶ ಚಳವಳಿಯ ಬೇರು ಒಂದು ಪ್ರಿಂಟರಿನಲ್ಲಿದೆ. 1980ರ ಆಸುಪಾಸಿನಲ್ಲಿ ಅಮೆರಿಕದ ಎಂಐಟಿಯ ಪ್ರಯೋಗಾಲಯಕ್ಕೆ ಜೆರಾಕ್ಸ್ ಕಂಪನಿಯ ಲೇಸರ್ ಪ್ರಿಂಟರ್ ಬಂತು. ಕಾಗದ ಸಿಕ್ಕಿಕೊಳ್ಳೋದು ಅದರ ಚಾಳಿ. ಹಿಂದಿನ ಪ್ರಿಂಟರಿನಲ್ಲಿ ಹಾಗಾದಾಗ ಎಲ್ಲರಿಗೂ ಸಂದೇಶ ಹೋಗುವಂತೆ ರಿಚರ್ಡ್ ಸ್ಟಾಲ್‌ಮನ್ ತಂತ್ರಾಂಶ ತಿದ್ದಿದ್ದರು. ಹೊಸದರ ಸೋರ್ಸ್ ಕೋಡ್ ಸಿಗಲಿಲ್ಲ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಅದು ಇದ್ದವರೊಬ್ಬರನ್ನು ಕೇಳಿದರೆ, ಗೋಪ್ಯತೆಯ ಕರಾರಿಗೆ ಸಹಿ ಹಾಕಿದ್ದೇನೆ, ಕೊಡಲ್ಲ ಅಂದರು. 1983ರ ಸೆಪ್ಟೆಂಬರ್ 27ರಂದು ಸ್ಟಾಲ್‌ಮನ್ ಗ್ನೂ ಯೋಜನೆ ಘೋಷಿಸಿದರು. ಲಿನಸ್ ಟೊರ್ವಾಲ್ಡ್ಸ್‌ರ ಕರ್ನೆಲ್ ಬಂದದ್ದು 1991ರಲ್ಲಿ.

ಇದನ್ನು ಹೇಳಿದ್ದು ಪುರಾಣ ಬಿಚ್ಚೋಕಲ್ಲ. ನೀವು ದುಡ್ಡು ಕೊಟ್ಟು ತಂದ ಯಂತ್ರದ ಜೊತೆ ಮಾತಾಡೋ ಭಾಷೆ ಯಾರ ಕೈಲಿದೆ ಅನ್ನೋ ಪ್ರಶ್ನೆ ಅವತ್ತಿನದೇ, ಇವತ್ತೂ ಅದೇ. ಆ ಭಾಷೆಯನ್ನು ಕಂಪ್ಯೂಟರಿಗೆ ಕಲಿಸೋ ತಂತ್ರಾಂಶವೇ ಡ್ರೈವರ್. ಅದು ಮುಚ್ಚಿದ್ದಾದರೆ, ಕಂಪನಿ ಕೈಬಿಟ್ಟ ದಿನ ಗಟ್ಟಿಮುಟ್ಟಾದ ಪ್ರಿಂಟರೂ ಗುಜರಿ.

ಮೂರು ಥರದ ಪ್ರಿಂಟರ್

ಲಿನಕ್ಸಿನಲ್ಲಿ ಪ್ರಿಂಟಿಂಗ್ ನೋಡಿಕೊಳ್ಳೋದು ಕಪ್ಸ್ ಅನ್ನೋ ವ್ಯವಸ್ಥೆ. ಮೈಕೆಲ್ ಸ್ವೀಟ್ 1990ರ ದಶಕದ ಕೊನೆಯಲ್ಲಿ ಬರೆದದ್ದು. ಆಪಲ್ ತನ್ನ ಮ್ಯಾಕ್‌ಗೂ ಅದನ್ನೇ ತೆಗೆದುಕೊಂಡಿತು. ಕಪ್ಸ್ ಕಣ್ಣಲ್ಲಿ ನೋಡಿದ್ರೆ ಮಾರುಕಟ್ಟೆಯ ಪ್ರಿಂಟರ್‌ಗಳು ಮೂರು ಥರ.

ಮೊದಲನೆಯದು, ಡ್ರೈವರೇ ಬೇಡದ್ದು. 2010ರಲ್ಲಿ ಐಫೋನಿನಿಂದ ನೇರ ಪ್ರಿಂಟ್ ಮಾಡಲು ಆಪಲ್ ಏರ್‌ಪ್ರಿಂಟ್ ತಂದಿತು. ಫೋನಿಗೆ ಸಾವಿರಾರು ಮಾಡೆಲ್‌ಗಳ ಡ್ರೈವರ್ ಹಾಕೋಕಾಗಲ್ಲ, ಹಾಗಾಗಿ ಪ್ರಿಂಟರೇ ಒಂದು ಸಾಮಾನ್ಯ ಭಾಷೆ ಕಲಿಯಬೇಕಾಯಿತು. ಆಂಡ್ರಾಯ್ಡ್ ಕಡೆಯಿಂದ ಮೋಪ್ರಿಯಾ, ಮುಕ್ತ ಮಾನಕವಾಗಿ ಐಪಿಪಿ ಎವೆರಿವೇರ್ ಬಂದವು. ಇವುಗಳಲ್ಲಿ ಯಾವುದಾದರೂ ಒಂದರ ಗುರುತು ಡಬ್ಬದ ಮೇಲಿದ್ದರೆ ಹೊಸ ಉಬುಂಟು ಅಥವಾ ಡೆಬಿಯನ್ ಬಹುಪಾಲು ತಾನೇ ಗುರುತು ಹಿಡಿಯುತ್ತೆ. ಈ ಭಾಷೆ ಬಲ್ಲ ಹಲವು ಪ್ರಿಂಟರ್‌ಗಳು ಯುಎಸ್‌ಬಿ ತಂತಿಯಲ್ಲೂ ಅದನ್ನೇ ಮಾತಾಡುತ್ತವೆ. ಅದಕ್ಕೆ ಐಪಿಪಿ-ಯುಎಸ್‌ಬಿ ಅನ್ನೋ ಪುಟ್ಟ ತಂತ್ರಾಂಶ ಇದೆ. ತಮಾಷೆ ಏನಂದ್ರೆ ಮೈಕ್ರೋಸಾಫ್ಟ್ ಕೂಡ ಇದೇ ದಾರಿ ಹಿಡಿದಿದೆ. ಪ್ರಿಂಟರ್ ಕಂಪನಿಗಳ ಸ್ವಂತ ಡ್ರೈವರ್‌ಗಳನ್ನು ವಿಂಡೋಸ್ ಅಪ್‌ಡೇಟ್ ಮೂಲಕ ಹಂಚೋದನ್ನು ಹಂತಹಂತವಾಗಿ ನಿಲ್ಲಿಸುವುದಾಗಿ 2023ರ ಸೆಪ್ಟೆಂಬರ್‌ನಲ್ಲಿ ಹೇಳಿತು. ಹಾಗಾಗಿ ಏರ್‌ಪ್ರಿಂಟ್ ಗುರುತು ಹುಡುಕೋದು ಬರೀ ಲಿನಕ್ಸ್‌ನವರ ಹಟ ಅಲ್ಲ.

ಎರಡನೆಯದು, ಮುಕ್ತ ಡ್ರೈವರ್ ಇರೋದು. ಎಪ್ಸನ್ ಎಲ್3110 ತಲೆಮಾರಿನ ಇಂಕ್‌ಟ್ಯಾಂಕ್‌ಗಳಿಗೆ ಕಂಪನಿಯೇ ಸೋರ್ಸ್ ಸಮೇತ ಕೊಟ್ಟ ಇಎಸ್‌ಸಿ/ಪಿ-ಆರ್ ಡ್ರೈವರ್ ಇದೆ, ಡೆಬಿಯನ್ ಭಂಡಾರದಲ್ಲೇ ಸಿಗುತ್ತೆ. ಬ್ರದರ್ ಕಂಪನಿಯ ಹಲವು ಕಡಿಮೆ ಬೆಲೆಯ ಲೇಸರ್‌ಗಳಿಗೆ ಕಂಪನಿಯ ಲಿನಕ್ಸ್ ಪ್ಯಾಕೇಜೂ ಇದೆ, ಸ್ವಯಂಸೇವಕರು ಬರೆದ ಬಿಆರ್‌ಲೇಸರ್ ಕೂಡ ಇದೆ. ಎಚ್‌ಪಿಯದ್ದು ಎಚ್‌ಪಿಲಿಪ್, ಬಹಳ ಮಾಡೆಲ್‌ಗಳಿಗೆ ಸಲೀಸು.

ಮೂರನೆಯದೇ ತಲೆನೋವು, ನಮ್ಮೂರುಗಳಲ್ಲಿ ಜಾಸ್ತಿ ಇರೋದೂ ಅದೇ. ಕ್ಯಾನನ್ ಎಲ್‌ಬಿಪಿ 2900 ಮತ್ತು ಎಚ್‌ಪಿ ಲೇಸರ್‌ಜೆಟ್ 1020, ಈ ಎರಡನ್ನು ನೋಡದ ಕಚೇರಿ, ಡಿಟಿಪಿ ಅಂಗಡಿ ಕರ್ನಾಟಕದಲ್ಲಿ ಸಿಗೋದು ಕಷ್ಟ. ಕಲ್ಲುಗುಂಡಿನಂಥ ಯಂತ್ರಗಳು. ಎರಡಕ್ಕೂ ಒಂದೇ ಥರದ ಕಾರ್ಟ್ರಿಡ್ಜ್, ಅದೇ '12ಎ'. ಮೈಸೂರಲ್ಲಿ ಅದನ್ನು ರೀಫಿಲ್ ಮಾಡೋ ಹುಡುಗರು ಕಣ್ಣುಮುಚ್ಚಿಕೊಂಡು ಬಿಚ್ಚಿ ಜೋಡಿಸುತ್ತಾರೆ. ಸೆಕೆಂಡ್ ಹ್ಯಾಂಡ್ ಅಗ್ಗವಾಗಿ ಸಿಗೋದೂ ಇವೇ.

ಆದ್ರೆ 1020ರ ಒಳಗೆ ಅದರ ಫರ್ಮ್‌ವೇರ್ ಉಳಿಯೋದಿಲ್ಲ. ಪ್ರತಿ ಸಲ ಆನ್ ಮಾಡಿದಾಗಲೂ ಕಂಪ್ಯೂಟರ್ ಅದನ್ನು ಕಳಿಸಬೇಕು. ಎಚ್‌ಪಿಲಿಪ್‌ನಲ್ಲಿ ಇದಕ್ಕೆ ಮುಚ್ಚಿದ ಪ್ಲಗಿನ್ ಬೇರೆ ಇಳಿಸಿಕೊಳ್ಳಬೇಕು, ಅದರ ಆವೃತ್ತಿ ಎಚ್‌ಪಿಲಿಪ್ ಆವೃತ್ತಿಗೆ ಹೊಂದಬೇಕು. ಅಂದ್ರೆ ಉಬುಂಟು ಅಪ್‌ಗ್ರೇಡ್ ಮಾಡಿದ ಮಾರನೇ ಬೆಳಿಗ್ಗೆ, ಬಾಗಿಲಲ್ಲಿ ಐದು ಜನ ನಿಂತಿರುವಾಗ, ಪ್ರಿಂಟರ್ ಮೌನ. ಪ್ಲಗಿನ್ ಮತ್ತೆ ಹಾಕಿದ್ರೆ ಸರಿಹೋಗುತ್ತೆ, ಆದ್ರೆ ಅದು ಗೊತ್ತಿರಬೇಕು. ಕ್ಯಾನನ್ 2900ರ ಕತೆ ಇನ್ನೂ ಬಿಗಿ. ಅದರ ಭಾಷೆ ಕ್ಯಾಪ್ಟ್, ಕ್ಯಾನನ್ನಿನ ಸ್ವಂತದ್ದು. ಕಂಪನಿಯ ಲಿನಕ್ಸ್ ಡ್ರೈವರ್ ಹಳೆಯದು, 64 ಬಿಟ್ ಯಂತ್ರದಲ್ಲೂ 32 ಬಿಟ್ ಲೈಬ್ರರಿ ಕೇಳುತ್ತೆ. ರಾಸ್‌ಪ್ಬೆರಿ ಪೈನಂಥ ಆರ್ಮ್ ಬೋರ್ಡಿಗೆ ಅದು ಹತ್ತೋದೇ ಇಲ್ಲ. ಸ್ವಯಂಸೇವಕರು ಆ ಭಾಷೆಯನ್ನು ಬಿಡಿಸಿ ಬರೆದ ಡ್ರೈವರ್ ಇದೆ, ಪೂರ್ತಿ ನಂಬಿ ಅಂಗಡಿ ನಡೆಸೋ ಮಟ್ಟದ್ದಲ್ಲ. ಈಗಾಗಲೇ ಮನೇಲಿದ್ದರೆ ಪ್ರಯತ್ನಿಸಿ. ಲಿನಕ್ಸಿಗೆ ಅಂತಲೇ 2900 ಕೊಳ್ಳೋದು ಬೇಡ, ಎಷ್ಟೇ ಅಗ್ಗವಾಗಿದ್ದರೂ.

ಇನ್ನೊಂದು ಎಚ್ಚರ. ಎಚ್‌ಪಿ ಪ್ಲಸ್ ಅನ್ನೋ ಯೋಜನೆಗೆ ಸೇರಿಸಿದ ಪ್ರಿಂಟರ್‌ಗಳು ಸದಾ ಇಂಟರ್ನೆಟ್ ಬೇಡುತ್ತವೆ, ಎಚ್‌ಪಿಯ ಶಾಯಿ ಅಥವಾ ಟೋನರ್ ಬಿಟ್ಟು ಬೇರೆಯದನ್ನು ಒಪ್ಪಲ್ಲ. ರೀಫಿಲ್ ನಂಬಿ ಬದುಕೋ ಅಂಗಡಿಗೆ ಇದು ಲಿನಕ್ಸ್‌ಗಿಂತ ದೊಡ್ಡ ವಿಷಯ.

ಹಾಳೆಗೆ ಎಷ್ಟು?

ಡಬ್ಬದ ಬೆಲೆ ನೋಡಿ ಪ್ರಿಂಟರ್ ತಗೊಳ್ಳೋದು ಕರೆಂಟ್ ಬಿಲ್ ನೋಡದೆ ಮೋಟರ್ ತಗೊಂಡ ಹಾಗೆ. 12ಎ ಕಾರ್ಟ್ರಿಡ್ಜ್ ಸುಮಾರು 2,000 ಹಾಳೆ ಕೊಡುತ್ತೆ ಅಂತ ಕಂಪನಿಯ ಲೆಕ್ಕ. ಎಲ್3110ರ ಕಪ್ಪು ಶಾಯಿ ಬಾಟಲಿ 4,500. ಅಸಲಿ ಕಾರ್ಟ್ರಿಡ್ಜ್‌ಗೆ ₹4,000 ಅಂತಿಟ್ಟುಕೊಳ್ಳಿ, ಹಾಳೆಗೆ ₹2. ಅದನ್ನೇ ₹300ಕ್ಕೆ ರೀಫಿಲ್ ಮಾಡಿಸಿದ್ರೆ 15 ಪೈಸೆ. ಬಾಟಲಿಗೆ ₹360 ಅಂದ್ರೆ 8 ಪೈಸೆ. ಬೆಲೆ ನಿಮ್ಮೂರಿನದು ಹಾಕಿಕೊಳ್ಳಿ, ಭಾಗಾಕಾರ ಇದೇ. ಕಂಪನಿಯ ಹಾಳೆ ಲೆಕ್ಕಕ್ಕೆ ಬಳಸೋದು ತೆಳುವಾಗಿ ಅಕ್ಷರ ತುಂಬಿದ ಪುಟ. ನೀವು ದಪ್ಪ ಅಕ್ಷರದ ಕನ್ನಡ ಕರಪತ್ರ, ಕಪ್ಪಾಗಿ ಬಂದ ಆಧಾರ್ ಜೆರಾಕ್ಸ್ ಹೊಡೆದರೆ ಹಾಳೆ ಕಡಿಮೆಯಾಗುತ್ತೆ.

ಹಾಗಾದ್ರೆ ಎಲ್ಲರೂ ಇಂಕ್‌ಟ್ಯಾಂಕ್ ತಗೋಬೇಕಾ? ಮನೆಗೆ, ವಾರಕ್ಕೆರಡು ಹಾಳೆ ಹೊಡೆಯೋರಿಗೆ, ಬೇಡ. ಬಳಸದೆ ಬಿಟ್ಟರೆ ಶಾಯಿ ಒಣಗಿ ಹೆಡ್ ಕಟ್ಟಿಕೊಳ್ಳುತ್ತೆ. ಟೋನರ್ ಪುಡಿ ತಿಂಗಳುಗಟ್ಟಲೆ ಸುಮ್ಮನಿರುತ್ತೆ. ಅಂಗಡಿಗಾದ್ರೆ ಕರೆಂಟ್ ನೋಡಬೇಕು. ಲೇಸರ್ ಪ್ರಿಂಟರ್ ಪುಡಿಯನ್ನು ಕರಗಿಸಿ ಅಂಟಿಸುವಾಗ ನೂರಾರು ವ್ಯಾಟ್ ಎಳೆಯುತ್ತೆ, ಸಣ್ಣ ಯುಪಿಎಸ್ ಕೂಗಿ ಕೂರುತ್ತೆ. ಇಂಕ್‌ಟ್ಯಾಂಕಿಗೆ ಒಂದು ಬಲ್ಬಿನಷ್ಟು ಸಾಕು. ಅರ್ಜಿಗೆ ಕೊನೇ ದಿನ, ಊರಲ್ಲಿ ಕರೆಂಟ್ ಇಲ್ಲ ಅನ್ನೋ ದಿನ ಗೆಲ್ಲೋದು ಇದೇ. ಆದ್ರೆ ಇಂಕ್‌ಜೆಟ್ ಹಾಳೆ ಮೇಲೆ ಒದ್ದೆ ಕೈ ಬಿದ್ದರೆ ಅಕ್ಷರ ಹರಡುತ್ತೆ, ಮಳೆಗಾಲದಲ್ಲಿ ಪಹಣಿ ಮಡಚಿ ಜೇಬಿಗಿಟ್ಟುಕೊಳ್ಳೋ ರೈತರಿಗೆ ಅದು ಸಣ್ಣ ವಿಷಯ ಅಲ್ಲ.

ಕನ್ನಡ ಬರುತ್ತಾ?

ಬರುತ್ತೆ. ಇಂಥ ಪ್ರಿಂಟರಿಗೆ ಕನ್ನಡವೂ ಗೊತ್ತಿಲ್ಲ, ಇಂಗ್ಲಿಷೂ ಗೊತ್ತಿಲ್ಲ. ಕಂಪ್ಯೂಟರ್ ಪುಟವನ್ನು ಚುಕ್ಕಿಗಳ ಚಿತ್ರ ಮಾಡಿ ಕಳಿಸುತ್ತೆ. ಪರದೆ ಮೇಲೆ ಒತ್ತಕ್ಷರ ಸರಿಯಿದ್ದರೆ ಹಾಳೆ ಮೇಲೂ ಸರಿ. ನೋಟೋ, ಲೋಹಿತ್, ಗುಬ್ಬಿ, ನವಿಲು ಫಾಂಟ್‌ಗಳು ಡೆಬಿಯನ್, ಉಬುಂಟು ಭಂಡಾರದಲ್ಲಿವೆ. ಬರೆಯೋಕೆ ಐಬಸ್‌ನಲ್ಲಿ ಕೆಜಿಪಿ ಕೀಲಿಮಣೆ ಇದೆ, ನುಡಿಯಲ್ಲಿ ಕೈ ಪಳಗಿದವರಿಗೆ ಪರಕೀಯ ಅನ್ನಿಸಲ್ಲ.

ತೊಂದರೆ ಬರೋದು ಹಳೇ ಕಡತದಿಂದ. ಸರ್ಕಾರಕ್ಕಾಗಿ ಕನ್ನಡ ಗಣಕ ಪರಿಷತ್ತು ಮಾಡಿದ ನುಡಿ ದಶಕಗಟ್ಟಲೆ ವಿಂಡೋಸ್ ತಂತ್ರಾಂಶವಾಗಿಯೇ ಬೆಳೆಯಿತು. ಅದರ ಹಳೇ ಫಾಂಟ್‌ಗಳು ಯೂನಿಕೋಡ್ ಅಲ್ಲ, ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ್ದು. ಗಿರಾಕಿ ಪೆನ್‌ಡ್ರೈವಲ್ಲಿ ಅಂಥ ವರ್ಡ್ ಕಡತ ತಂದರೆ ಆ ಫಾಂಟ್ ಇಲ್ಲದ ಯಂತ್ರದಲ್ಲಿ ಬರೀ ಗೋಜಲು. ಇದು ಲಿನಕ್ಸಿನ ತಪ್ಪಲ್ಲ, ಹೊಸ ವಿಂಡೋಸಲ್ಲೂ ಹಾಗೇ. ಆ ಫಾಂಟನ್ನು ಹಾಕಿಕೊಂಡರೆ ಓದೋಕೆ, ಪ್ರಿಂಟ್ ಮಾಡೋಕೆ ಬರುತ್ತೆ. ಪಿಡಿಎಫ್ ಮಾಡಿ ತನ್ನಿ ಅನ್ನೋದು ಇನ್ನೂ ಸುಲಭ, ಫಾಂಟ್ ಅದರೊಳಗೇ ಬರುತ್ತೆ.

ನಿಜವಾದ ಗೋಡೆ ಬೇರೆ ಕಡೆ ಇದೆ: ಬೆರಳಚ್ಚು ಯಂತ್ರ. ಆಧಾರ್ ದೃಢೀಕರಣಕ್ಕೆ ಬೇಕಾದ ಆರ್‌ಡಿ ಸರ್ವಿಸ್ ತಂತ್ರಾಂಶವನ್ನು ಕಂಪನಿಗಳು ಮುಖ್ಯವಾಗಿ ವಿಂಡೋಸ್ ಮತ್ತು ಆಂಡ್ರಾಯ್ಡ್‌ಗೆ ಕೊಡುತ್ತವೆ. ಗ್ರಾಮ ಒನ್ ಥರದ ಸೇವೆ ಮಾಡೋ ಆಸೆ ಇದ್ದರೆ ಆ ಒಂದು ಕೆಲಸಕ್ಕೆ ಆಂಡ್ರಾಯ್ಡ್ ಫೋನ್ ಸಾಕಾಗುತ್ತಾ ಅಥವಾ ಒಂದು ವಿಂಡೋಸ್ ಯಂತ್ರ ಬೇಕೇ ಬೇಕಾ ಅಂತ ಮೊದಲೇ ವಿಚಾರಿಸಿ. ಸಿದ್ಧಾಂತಕ್ಕಾಗಿ ಅಂಗಡಿ ಮುಚ್ಚೋದು ಬೇಡ. ಆದ್ರೆ ಪ್ರಶ್ನೆ ಕೇಳೋಣ: ಸರ್ಕಾರಿ ಸೇವೆ ಪಡೆಯೋಕೆ, ಕೊಡೋಕೆ ಒಂದು ಖಾಸಗಿ ಕಂಪನಿಯ ಲೈಸೆನ್ಸ್ ಯಾಕೆ ಕಡ್ಡಾಯವಾಗಬೇಕು? ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡಬೇಕು ಅಂತ ಕೇಂದ್ರದ ನೀತಿಯೇ 2015ರಿಂದ ಇದೆ.

ಕಾಸರಗೋಡಿನ ಮಕ್ಕಳು

ಕೈಲಾಗಲ್ಲ ಅನ್ನೋರಿಗೆ ಪಕ್ಕದ ರಾಜ್ಯ ತೋರಿಸಬಹುದು. ಕೇರಳದ ಶಾಲೆಗಳು 2000ದ ದಶಕದ ನಡುವಿನಿಂದಲೇ ಲಿನಕ್ಸ್‌ಗೆ ಹೊರಳಿದವು. ಐಟಿ@ಸ್ಕೂಲ್ ಯೋಜನೆ 2017ರಲ್ಲಿ ಕೈಟ್ ಅನ್ನೋ ಸರ್ಕಾರಿ ಕಂಪನಿಯಾಯಿತು. ಉಬುಂಟು ಆಧಾರಿತ ತನ್ನದೇ ಕಾರ್ಯವ್ಯವಸ್ಥೆ ಹಂಚುತ್ತೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಐಸಿಟಿ ಪಠ್ಯಪುಸ್ತಕ ಕನ್ನಡದಲ್ಲೇ ಸಿಗುತ್ತೆ, ಅವರು ಪರೀಕ್ಷೆ ಬರೆಯೋದೂ ಲಿನಕ್ಸ್ ಮೇಲೆ. ಹೈಟೆಕ್ ಶಾಲೆ ಯೋಜನೆಯಲ್ಲಿ 45,000 ತರಗತಿ ಕೋಣೆಗಳಿಗೆ ಸಲಕರಣೆ ಕೊಂಡರು, ಜೊತೆಗೆ ಶಾಲೆಗಳಿಗೆ ಪ್ರಿಂಟರ್‌ಗಳನ್ನೂ. ಅಷ್ಟು ದೊಡ್ಡ ಗಿರಾಕಿಯ ಎಲ್ಲ ಯಂತ್ರಗಳಲ್ಲೂ ಲಿನಕ್ಸ್ ಇದ್ದರೆ, ಅದರಲ್ಲಿ ಓಡದ ಪ್ರಿಂಟರನ್ನು ಯಾವ ಕಂಪನಿ ತಂದು ಮಾರೋಕಾಗುತ್ತೆ? ನಮ್ಮ ಇಲಾಖೆಗಳ ಟೆಂಡರಿನಲ್ಲಿ 'ಲಿನಕ್ಸ್‌ನಲ್ಲಿ ಕೆಲಸ ಮಾಡತಕ್ಕದ್ದು' ಅನ್ನೋ ಒಂದು ಸಾಲು ಸೇರಲಿ. ಅದರ ಲಾಭ ಸೋಸಲೆಯ ಅಂಗಡಿಗೂ ಸಿಗುತ್ತೆ, ಸೆಕೆಂಡ್ ಹ್ಯಾಂಡ್ ಆಗಿ ಆದರೂ.

ಅಂಗಡಿಗೆ ಹೋದಾಗ

ಮಾಡೆಲ್ ಹೆಸರನ್ನು ಪೂರ್ತಿಯಾಗಿ, ಕೊನೇ ಅಕ್ಷರದ ತನಕ ಬರೆದುಕೊಂಡು ಓಪನ್‌ಪ್ರಿಂಟಿಂಗ್ ತಾಣದ ಪಟ್ಟಿಯಲ್ಲಿ ಹುಡುಕಿ. ಒಂದೇ ಸರಣಿಯಲ್ಲಿ ಒಂದು ಓಡುತ್ತೆ, ಪಕ್ಕದ್ದು ಓಡಲ್ಲ. ಉಬುಂಟು ತುಂಬಿದ ಪೆನ್‌ಡ್ರೈವ್ ಜೊತೆ ಲ್ಯಾಪ್‌ಟಾಪ್ ಒಯ್ದು, ಅಲ್ಲೇ ಹಚ್ಚಿ ಒಂದು ಕನ್ನಡ ಪಿಡಿಎಫ್ ಹೊಡೆಸಿ ನೋಡಿ. ಆಲ್ ಇನ್ ಒನ್ ಆದ್ರೆ ಸ್ಕ್ಯಾನ್ ಕೂಡ ಮಾಡಿ ನೋಡಿ, ಪ್ರಿಂಟ್ ಬಂದ ಮಾತ್ರಕ್ಕೆ ಸ್ಕ್ಯಾನ್ ಬರುತ್ತೆ ಅಂತಿಲ್ಲ. ಹಳೇ ಮೈಸೂರಿನ ಅಂಗಡಿಯವರು ಇದಕ್ಕೆಲ್ಲ ಬೇಜಾರು ಮಾಡಿಕೊಳ್ಳಲ್ಲ, ಟೀ ಕೂಡ ತರಿಸ್ತಾರೆ. ಆನ್‌ಲೈನಲ್ಲಿ ಕೊಳ್ಳೋದಾದ್ರೆ ಈ ಅವಕಾಶ ಇಲ್ಲ, ವಾಪಸ್ ಷರತ್ತು ಓದಿ.

ಡಬ್ಬದ ಮೇಲೆ ವಿಂಡೋಸ್ ಅಂತ ಮಾತ್ರ ಇದ್ದರೆ, ಲಿನಕ್ಸಲ್ಲಿ ಓಡಲಿಲ್ಲ ಅನ್ನೋದನ್ನು ದೋಷ ಅಂತ ವಾದಿಸೋದು ಕಷ್ಟ. ಹಾಗಾಗಿ ಮಾರುವವರು ಓಡುತ್ತೆ ಅಂದ್ರೆ ಅದನ್ನು ಬಿಲ್ ಮೇಲೆ ಬರೆಸಿಕೊಳ್ಳಿ, ಇಲ್ಲ ವಾಟ್ಸಾಪಲ್ಲಿ ತರಿಸಿಕೊಳ್ಳಿ. ಅಂಗಡಿಗೆ ಅಂತ ಕೊಂಡಿದ್ದು, ನಾನು ಗ್ರಾಹಕ ಅಲ್ಲ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯೋಕೆ ಕೊಂಡ ವಸ್ತುವಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತೆ. ಮಾರಿದವರು ಬೆಂಗಳೂರಲ್ಲೇ ಇರಲಿ, ದೆಹಲಿಯಲ್ಲೇ ಇರಲಿ, ನೀವು ವಾಸವಿರೋ ಜಿಲ್ಲೆಯ ಆಯೋಗದಲ್ಲಿ, ಅಂದ್ರೆ ಮೈಸೂರಿನಲ್ಲೇ ದೂರು ಹಾಕಬಹುದು. ₹5 ಲಕ್ಷದವರೆಗಿನ ಖರೀದಿಗೆ ಶುಲ್ಕ ಇಲ್ಲ. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಒಂದು ಕರೆ ಮಾಡಿ, ಬಿಲ್ ಕೈಯಲ್ಲಿಟ್ಟುಕೊಂಡು.